ದುರ್ಬೀನಿಗೊಂದು ಒರಗುದಿಂಬು

ಸರಸ್ವತೀಪುರಂನ ನಮ್ಮ ಮನೆಯ ತಾರಸಿಗೆ ಹತ್ತಿದರೆ ಮೂರು ಮನೆ ಆಚೆ ಒಂದು ಹಳೆಯ ಆಕಾಶಮಲ್ಲಿಗೆ ಮರ ಕಾಣುತ್ತದೆ. ಅದರ ನೆತ್ತಿಯ ಮೇಲೆ ಒಣಗಿ ನಿಂತ ಒಂದು ಕೊಂಬೆ. ಸಂಕ್ರಾಂತಿ ಕಳೆದು ಬಿಸಿಲು ಚುರುಕಾಗುತ್ತಿದ್ದಂತೆ ಆ ಕೊಂಬೆಗೆ ಕಂಚುಗಾರ ಹಕ್ಕಿಯೊಂದು ಬಂದು ಕೂತು ಟುಕ್, ಟುಕ್, ಟುಕ್ ಎಂದು ಶುರು ಮಾಡುತ್ತದೆ. ಏರಿಲ್ಲ, ಇಳಿವಿಲ್ಲ. ದೂರದಲ್ಲಿ ಯಾರೋ ಚೊಂಬು ತಟ್ಟುತ್ತ ಕೂತ ಹಾಗೆ ಒಂದೇ ಲಯ. ಅಮ್ಮನಿಗೆ ಈಗ ಎಂಬತ್ತಾರು. ಈ ಸದ್ದನ್ನು ಅವಳು ಐವತ್ತು ವರ್ಷದಿಂದ ಕೇಳುತ್ತಿದ್ದಾಳೆ. ಬಹಳ ಕಾಲ ಅದು ಯಾರದೋ ಮನೆಯ ನೀರಿನ ಪಂಪಿನ ಸದ್ದು ಎಂದೇ ಅವಳು ತಿಳಿದಿದ್ದಳಂತೆ.

ಹೋದ ವರ್ಷ ಆ ಹಕ್ಕಿಯನ್ನು ಸರಿಯಾಗಿ ನೋಡಲೇಬೇಕೆಂದು ನನ್ನ ಎಂಟು ಪಟ್ಟಿನ ದುರ್ಬೀನು ಹಿಡಿದು ನಿಂತೆ. ಕಂಡದ್ದು ನಡುಗುವ ಒಂದು ಹಸಿರು ಮುದ್ದೆ. ಹಣೆಯ ಕೆಂಪು ಒಂದು ಸಲ ಹೊಳೆಯಿತು, ಮತ್ತೆ ಕಲಸಿಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ದುರ್ಬೀನೇ ಸಾಲದು ಅಂದೆ. ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವುದನ್ನು ಹುಡುಕಿ ತಂದೆ. ಮುದ್ದೆ ದೊಡ್ಡದಾಯಿತು, ನಡುಕವೂ ದೊಡ್ಡದಾಯಿತು. ಹಕ್ಕಿ ಮಾತ್ರ ಮೊದಲಿನಷ್ಟೇ ಕಂಡಿತು.

ಲೆಕ್ಕ ಸುಲಭದ್ದೇ, ನನಗೆ ತಡವಾಗಿ ಹೊಳೆಯಿತು. ದುರ್ಬೀನಿನ ಮೈಮೇಲೆ 8×42 ಎಂದು ಬರೆದಿದ್ದರೆ ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಆಕಾಶಮಲ್ಲಿಗೆ ಮರ ನಮ್ಮ ತಾರಸಿಯಿಂದ 40 ಮೀಟರ್ ದೂರವಿದೆ ಅನ್ನಿ. ಎಂಟು ಪಟ್ಟಿನಲ್ಲಿ ಹಕ್ಕಿ 5 ಮೀಟರ್ ದೂರದಲ್ಲಿ ಕೂತಂತೆ. ಹನ್ನೆರಡರಲ್ಲಿ 3.3 ಮೀಟರ್. ಲಾಭ ಒಂದೂಮುಕ್ಕಾಲು ಮೀಟರಿಗೂ ಕಡಿಮೆ. ಆದರೆ ಹಕ್ಕಿಯನ್ನು ಹಿಗ್ಗಿಸುವ ಗಾಜೇ ಕೈಯ ಅಲುಗಾಟವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಎಂಟರಿಂದ ಹನ್ನೆರಡಕ್ಕೆ ಹೋದ ನಾನು ನಡುಕವನ್ನು ಒಂದೂವರೆ ಪಟ್ಟು ಮಾಡಿಕೊಂಡಿದ್ದೆ, ಜೊತೆಗೆ ಕಾಣುವ ಸುತ್ತಳತೆ ಕಿರಿದಾಗಿ ಕೊಂಬೆಯನ್ನೇ ಹುಡುಕುವ ಫಜೀತಿ ಬೇರೆ.

ಕೈ ನಡುಗುವುದು ವಯಸ್ಸಾದವರ ಪಾಡು ಮಾತ್ರ ಅಲ್ಲ. ಇಪ್ಪತ್ತರ ಹುಡುಗನ ಕೈಯೂ ಸೆಕೆಂಡಿಗೆ ಎಂಟು ಹತ್ತು ಸಲ ಸಣ್ಣಗೆ ಕಂಪಿಸುತ್ತಲೇ ಇರುತ್ತದೆ. ಮಾಂಸಖಂಡದ ಬಿಗಿತ, ಎದೆಬಡಿತ, ಉಸಿರು ಎಲ್ಲ ಸೇರಿ ಆಗುವ ಕಂಪನ ಅದು. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತಿ ಬಂದ ಮೇಲೆ ಹೆಚ್ಚುತ್ತದೆ, ತೋಳು ದಣಿದ ಹಾಗೆಲ್ಲ ಹೆಚ್ಚುತ್ತದೆ. ಕಾಫಿ ಕುಡಿದ ಮೇಲೂ ಹೆಚ್ಚುತ್ತದೆ. ಮೈಸೂರಿನಲ್ಲಿ ಕೂತು ಇದನ್ನು ಬರೆಯುವುದು ದ್ರೋಹವೇ ಸರಿ. ಬೆಳಗಿನ ಎರಡನೇ ಲೋಟವನ್ನು ಹಕ್ಕಿ ನೋಡಿ ಇಳಿದ ಮೇಲೆ ಇಟ್ಟುಕೊಂಡರೆ ಸಾಕು, ಬಿಡಿ ಅಂತ ನಾನು ಹೇಳುತ್ತಿಲ್ಲ.

ನಮ್ಮ ಮನೆಯಲ್ಲಿ ಇನ್ನೊಂದು ದುರ್ಬೀನಿದೆ, ಅಪ್ಪನದು. ಕಪ್ಪು ಚರ್ಮದ ಪೆಟ್ಟಿಗೆಯಲ್ಲಿ ಮಲಗಿದ 7×50. ಅದು ಮೊದಲು ಕಂಡದ್ದು ಹಕ್ಕಿಗಳನ್ನಲ್ಲ, ಚಾಮುಂಡಿಬೆಟ್ಟದ ತಪ್ಪಲಿನ ರೇಸ್ ಕೋರ್ಸಿನಲ್ಲಿ ಓಡುತ್ತಿದ್ದ ಕುದುರೆಗಳನ್ನು. ಮನೆಯಲ್ಲಿ ಅದರ ಹೆಸರೇ ರೇಸ್ ಗ್ಲಾಸು. ಸುಮಾರು ಒಂದು ಕಿಲೋ ಭಾರ. ವಿಚಿತ್ರವೆಂದರೆ ಮೊದಲ ಒಂದೆರಡು ನಿಮಿಷ ಅದು ನನ್ನ ಹಗುರ ದುರ್ಬೀನಿಗಿಂತ ಚೆನ್ನಾಗಿ ನಿಲ್ಲುತ್ತದೆ. ಭಾರದ ವಸ್ತು ಸಣ್ಣ ಕಂಪನಕ್ಕೆ ಬೇಗ ಜಗ್ಗುವುದಿಲ್ಲವಲ್ಲ. ಮೂರನೇ ನಿಮಿಷಕ್ಕೆ ಭುಜ ಸೋಲುತ್ತದೆ. ಕುದುರೆ ಓಟ ಒಂದೂವರೆ ಎರಡು ನಿಮಿಷದಲ್ಲಿ ಮುಗಿದುಹೋಗುವುದರಿಂದ ಅಪ್ಪನಿಗೆ ಆ ತೊಂದರೆ ಬರಲೇ ಇಲ್ಲ. ಬರುತ್ತಿದ್ದದ್ದು ಬೇರೆ ತೊಂದರೆ, ಅದು ಜೇಬಿಗೆ ಸಂಬಂಧಿಸಿದ್ದು.

ಕಂಚುಗಾರ ಹಕ್ಕಿಗೆ ಇಪ್ಪತ್ತು ನಿಮಿಷವಾದರೂ ಬೇಕು. ಮನೆಯಲ್ಲಿ ಕೂತು ನೋಡುವವರ ಭಾಗ್ಯವೇ ಅದು: ಹಕ್ಕಿ ನಾಳೆಯೂ ಅಲ್ಲೇ ಬರುತ್ತದೆ, ನೋಡುವವರಿಗೆ ಬಸ್ಸು ಹಿಡಿಯುವ ಅವಸರವಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತ ನೋಡುವುದು ಒಂದು ಬಗೆ. ನಿಲ್ಲುತ್ತೇವೆ, ಹೆಸರು ಹೇಳುತ್ತೇವೆ, ಮುಂದೆ ಹೋಗುತ್ತೇವೆ. ಅಷ್ಟಕ್ಕೆ ಕೈ ಸಾಕು. ಒಂದು ಹಕ್ಕಿ ಏನು ಮಾಡುತ್ತದೆ ಎಂದು ನೋಡುತ್ತ ಕೂರುವುದಕ್ಕೆ ಕೈ ಸಾಲದು, ಆಸರೆ ಬೇಕು. ಪಟ್ಟು ಎಷ್ಟು ಎಂದು ಕೇಳುವವರಿಗೆಲ್ಲ ನಾನೀಗ ಹೇಳುವುದು ಇದನ್ನೇ: ಒರಗಿಸಿಟ್ಟ ಎಂಟು ಪಟ್ಟು, ಕೈಯಲ್ಲಿ ಹಿಡಿದ ಹನ್ನೆರಡಕ್ಕಿಂತ ಹೆಚ್ಚು ತೋರಿಸುತ್ತದೆ.

ಈ ಊರಿನ ಹಕ್ಕಿಗಳನ್ನು ಮೊದಲು ಕ್ರಮವಾಗಿ ದಾಖಲಿಸಿದ ದೊಡ್ಡ ಸಮೀಕ್ಷೆ ಸಲೀಂ ಅಲಿಯವರದು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಉದ್ದಗಲ ತಿರುಗಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳನ್ನು ಕಂಡು ಅವರು ಒತ್ತಾಯಿಸಿದ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇದು ಎಲ್ಲರೂ ಹೇಳುವ ಕತೆ. ಅಷ್ಟಾಗಿ ಹೇಳದ ಇನ್ನೊಂದು ಸಂಗತಿಯಿದೆ. ಆ ಕಾಲದ ಸಮೀಕ್ಷೆಯೆಂದರೆ ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಚೀಟಿ ಕಟ್ಟಿ ಇಡುವುದು. ಹತ್ತಿರದಿಂದ ನೋಡಲು ಆಗ ಇದ್ದ ಗಟ್ಟಿ ದಾರಿ ಕೋವಿ. ಅದೇ ಕೋವಿಯವರ ಒಂದು ಪಾಠ ನಮಗೂ ಒದಗುತ್ತದೆ: ಗುರಿಯಿಡುವವನು ಉಸಿರನ್ನು ಅರ್ಧ ಹೊರಬಿಟ್ಟು, ಎದೆ ತಟಸ್ಥವಾದ ಕ್ಷಣದಲ್ಲಿ ಕುದುರೆ ಎಳೆಯುತ್ತಾನೆ. ದುರ್ಬೀನಿನಲ್ಲೂ ರೆಕ್ಕೆಯ ಗೆರೆ, ಕಣ್ಣಿನ ಸುತ್ತಲ ಬಣ್ಣ ನೋಡಬೇಕಾದದ್ದು ಆ ಎರಡು ಮೂರು ಸೆಕೆಂಡಿನಲ್ಲಿ. ಉಸಿರು ಬಿಗಿಹಿಡಿದು ಕೂತರೆ ಎದೆಬಡಿತ ಜೋರಾಗುತ್ತದೆ, ಕೆಲಸ ಕೆಡುತ್ತದೆ.

ಆಸರೆಯ ಮಾತಿಗೆ ಮೊದಲು ಕಣ್ಣಿನ ಮಾತು. 'ದುರ್ಬೀನು ನೋಡಿದರೆ ತಲೆ ಸುತ್ತುತ್ತದೆ' ಎನ್ನುವವರಲ್ಲಿ ಅರ್ಧ ಜನ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡೇ ಇರುವುದಿಲ್ಲ. ನಡುವಿನ ಕೀಲನ್ನು ಮಡಿಸಿ ಬಿಡಿಸಿ ಎರಡು ವೃತ್ತಗಳೂ ಒಂದಾಗುವಂತೆ ಮಾಡಬೇಕು. ಆಮೇಲೆ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಒಂದು ಎಲೆಯನ್ನೋ ಬೋರ್ಡನ್ನೋ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಬೇಕು. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆ ಕಣ್ಣಿಡುವಲ್ಲಿರುವ ಉಂಗುರ ತಿರುಗಿಸಿ ಅದೇ ಎಲೆಯನ್ನು ಸ್ಪಷ್ಟ ಮಾಡಬೇಕು. ಇದು ಒಂದೇ ಸಲದ ಕೆಲಸ, ಆಮೇಲೆ ಚಕ್ರ ಮಾತ್ರ ಸಾಕು. ಕನ್ನಡಕದವರು ರಬ್ಬರ್ ಬಟ್ಟಲುಗಳನ್ನು ಒಳಗೆ ತಿರುಗಿಸಿಡಬೇಕು, ಕನ್ನಡಕವಿಲ್ಲದವರು ಹೊರಗೆಳೆದಿಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಂದು ಹಕ್ಕಿ ಎರಡಾಗಿ ಕಂಡರೆ ದುರ್ಬೀನು ಎಂದೋ ಕೆಳಗೆ ಬಿದ್ದು ಒಳಗಿನ ಗಾಜು ಜರುಗಿದೆ ಎಂದರ್ಥ. ಅದಕ್ಕೆ ಯಾವ ಆಸರೆಯೂ ಮದ್ದಲ್ಲ.

ಇನ್ನು ಕೂರುವುದು. ಹಕ್ಕಿ ನೋಡುವವರ ಅತಿ ಮುಖ್ಯ ಸಲಕರಣೆ ಕುರ್ಚಿ ಎಂದರೆ ನಗಬೇಡಿ. ಕೈಯಿರುವ ಕುರ್ಚಿ ಬೇಕು. ಮೊಣಕೈ ಗಾಳಿಯಲ್ಲಿದ್ದರೆ ಭುಜದಿಂದ ಬೆರಳಿನವರೆಗೆ ಇಡೀ ತೋಳು ತೂಗುತ್ತದೆ. ಮೊಣಕೈ ಊರಿದರೆ ತೂಗುವುದು ಮುಂಗೈ ಮಾತ್ರ. ಊಟದ ಮೇಜಿನ ಕುರ್ಚಿಗೆ ಕೈಯಿರುವುದಿಲ್ಲ, ಪ್ಲಾಸ್ಟಿಕ್ ಕುರ್ಚಿಯ ಕೈ ತಗ್ಗಾಯಿತು. ತಗ್ಗಾದರೆ ತೊಡೆಯ ಮೇಲೆ ಎರಡು ದಿಂಬು ಪೇರಿಸಿ ಅದರ ಮೇಲೆ ಮೊಣಕೈ ಊರಬಹುದು. ಚಳಿಗಾಲದ ಬೆಳಿಗ್ಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಕೆಲವು ಹಳೆಯ ಮನೆಗಳಲ್ಲಿ ಉದ್ದನೆಯ ಕೈಗಳಿರುವ, ಬೆತ್ತ ಹೆಣೆದ ಈಸಿ ಚೇರು ಅಟ್ಟದ ಮೇಲೆ ಧೂಳು ಹಿಡಿದು ಕೂತಿರುತ್ತದೆ. ಇಳಿಸಿ. ತಾತ ಪೇಪರ್ ಓದುತ್ತಿದ್ದ ಕುರ್ಚಿ ಎತ್ತರದ ಕೊಂಬೆ ನೋಡುವುದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಕುರ್ಚಿ ಬೇಡವೆಂದರೆ ತಾರಸಿಯ ಮೋಟುಗೋಡೆ ಇದೆ. ಮೂರಡಿ ಎತ್ತರದ ಆ ಗೋಡೆಯ ಮುಂದೆ ನಿಂತು ಬಗ್ಗಿ ನೋಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ತಪ್ಪು ಗೋಡೆಯದಲ್ಲ, ನಿಂತವರದು. ಒಂದು ಸ್ಟೂಲು ಹಾಕಿಕೊಂಡು ಕೂತರೆ ಗೋಡೆಯ ತಲೆ ಸರಿಯಾಗಿ ಮೊಣಕೈ ಮಟ್ಟಕ್ಕೆ ಬರುತ್ತದೆ. ಮಡಿಸಿದ ಟವೆಲ್ಲೊಂದು ಇರಲಿ, ಸಿಮೆಂಟು ಮೊಣಕೈ ತರಚುತ್ತದೆ. ಬೆನ್ನಿಗೆ ನೀರಿನ ಟ್ಯಾಂಕಿನ ಕಟ್ಟೆ ಸಿಕ್ಕಿದರೆ ಇನ್ನೂ ವಾಸಿ. ಮೈ ಎಷ್ಟು ಕಡೆ ಊರಿರುತ್ತದೋ ಅಷ್ಟು ಕಡಿಮೆ ಅಲುಗುತ್ತದೆ. ದುರ್ಬೀನನ್ನು ಕಣ್ಣಿನ ಹತ್ತಿರದ ತುದಿಯಲ್ಲಿ ಹಿಡಿಯುವ ಬದಲು ಕೈಯನ್ನು ತುಸು ಮುಂದಕ್ಕೆ ಸರಿಸಿ, ಹೆಬ್ಬೆರಳನ್ನು ಕೆನ್ನೆಯ ಎಲುಬಿಗೆ ತಾಗಿಸಿಕೊಂಡರೆ ತಲೆ, ಕೈ, ದುರ್ಬೀನು ಮೂರೂ ಒಂದೇ ಗಂಟಾಗುತ್ತವೆ. ನಿಂತೇ ನೋಡಬೇಕಾಗಿ ಬಂದರೆ ಕೊರಳ ಪಟ್ಟಿಯನ್ನು ಉದ್ದ ಮಾಡಿ, ಅದರ ಕುಣಿಕೆಯೊಳಗೆ ಎರಡೂ ಮೊಣಕೈ ತೂರಿಸಿ ಹೊರಕ್ಕೆ ಒತ್ತಿ. ಪಟ್ಟಿ ಬಿಗಿಯಾಗಿ ಕೈ ನಿಲ್ಲುತ್ತದೆ. ಮೊದಲ ಸಲ ಮಾಡುವಾಗ ಸಿಕ್ಕಿಹಾಕಿಕೊಂಡ ಕೋಳಿಯಂತೆ ಕಾಣುತ್ತೀರಿ, ಪರವಾಗಿಲ್ಲ.

ಮೈಸೂರಿನ ಕಿಟಕಿಗಳ ಬಗ್ಗೆ ಒಂದು ಮಾತು. ಯಾದವಗಿರಿಯಲ್ಲಿ ಮನೆ ಕಟ್ಟಿಸಿದ ಆರ್.ಕೆ. ನಾರಾಯಣ್ ಓದು ಬರಹಕ್ಕೆಂದು ಎಂಟು ಕಿಟಕಿಗಳ ಒಂದು ಕೋಣೆ ಮಾಡಿಸಿಕೊಂಡಿದ್ದರು. ಅಂಥ ಅದೃಷ್ಟ ಎಲ್ಲರಿಗೂ ಇಲ್ಲ. ನಮ್ಮ ಕಿಟಕಿಗೆ ಮೊದಲು ಗಾಜು, ಆಮೇಲೆ ಕಬ್ಬಿಣದ ಸರಳು, ಅದರಾಚೆ ಸೊಳ್ಳೆಪರದೆ. ಸೊಳ್ಳೆಪರದೆಯ ಮೂಲಕ ಹಕ್ಕಿ ಕಾಣುತ್ತದೆ, ಆದರೆ ಮಂಜಿನೊಳಗಿದ್ದ ಹಾಗೆ, ಬಣ್ಣ ಸಪ್ಪೆಯಾಗುತ್ತದೆ. ಮುಚ್ಚಿದ ಗಾಜಿನ ಮೂಲಕ ಓರೆಯಾಗಿ ನೋಡಿದರೆ ಗೆರೆಗಳು ಕದಡುತ್ತವೆ, ನೇರವಾಗಿ ನೋಡಿದರೆ ಅಷ್ಟಿಲ್ಲ. ಬಾಗಿಲು ತೆರೆದಿಡುವುದೇ ಮೇಲು. ಸರಳು ಮಾತ್ರ ಶತ್ರುವಲ್ಲ, ನೆಂಟ. ಅಡ್ಡ ಸರಳಿಗೆ ಹಳೆಯ ಬನಿಯನ್ನು ಎರಡು ಸುತ್ತು ಸುತ್ತಿ ಅದರ ಮೇಲೆ ದುರ್ಬೀನು ಇಟ್ಟು ನೋಡಿ. ಬರಿಯ ಕಬ್ಬಿಣದ ಮೇಲಿಟ್ಟರೆ ಜಾರುತ್ತದೆ, ಮನೆಯ ಮುಂದೆ ಬಸ್ಸು ಹಾದರೆ ಅದರ ಕಂಪನವೂ ಕಣ್ಣಿಗೆ ಬರುತ್ತದೆ. ಬಟ್ಟೆಯ ಮೆತ್ತೆ ಅದನ್ನು ನುಂಗುತ್ತದೆ. ಕಿಟಕಿಯಿಂದ ಎರಡಡಿ ಒಳಗೆ, ನೆರಳಿನಲ್ಲಿ ಕೂತರೆ ದಾಸವಾಳಕ್ಕೆ ಬರುವ ಸೂರಕ್ಕಿಗೆ ನೀವಿರುವುದೇ ಗೊತ್ತಾಗುವುದಿಲ್ಲ.

ಮೆತ್ತೆ ಎಂದಾಗ ನನ್ನ ರಾಗಿ ಚೀಲದ ಕತೆ ಹೇಳಲೇಬೇಕು. ಕಾಡಿನಲ್ಲಿ ಜೀಪಿನ ಕಿಟಕಿಯ ಮೇಲೆ ಫೋಟೊ ತೆಗೆಯುವವರು ಕಾಳು ತುಂಬಿದ ಚೀಲವಿಟ್ಟು ಅದರ ಮೇಲೆ ದೊಡ್ಡ ಲೆನ್ಸ್ ಒರಗಿಸುತ್ತಾರೆ. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಬೀದಿಯ ತುದಿಯ ಟೈಲರ್ ಹತ್ತಿರ ಎರಡೂ ತುದಿ ಹೊಲಿಸಿ, ನಾನೂ ಒಂದು ಮಾಡಿಕೊಂಡೆ. ಒಂದೂವರೆ ಕಿಲೋ ರಾಗಿ. ಗುಟ್ಟಿರುವುದು ತುಂಬುವುದರಲ್ಲಿ: ಮೂರರಲ್ಲಿ ಎರಡು ಪಾಲು ತುಂಬಿದರೆ ಚೀಲ ದುರ್ಬೀನಿನ ಆಕಾರಕ್ಕೆ ತಗ್ಗಿ ಹಿಡಿದುಕೊಳ್ಳುತ್ತದೆ. ಗಂಟಲವರೆಗೆ ತುಂಬಿದರೆ ಕಲ್ಲಾಗುತ್ತದೆ, ದುರ್ಬೀನು ಮೇಲೆ ಉರುಳಾಡುತ್ತದೆ. ರಾಗಿ ಸಣ್ಣಗೆ, ದುಂಡಗೆ ಇರುವುದರಿಂದ ನೀರಿನಂತೆ ಹರಿದು ಸಂದು ತುಂಬುತ್ತದೆ. ಹುರುಳಿ, ಅವರೆ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಮೋಟುಗೋಡೆಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಬಟ್ಟೆ ಇಸ್ತ್ರಿ ಮಾಡುವ ಸ್ಟ್ಯಾಂಡಿನ ಮೇಲೆ ಕೂಡ ಅದು ಕೂತಿತು. ಇಸ್ತ್ರಿ ಸ್ಟ್ಯಾಂಡನ್ನು ಎತ್ತರಿಸಬಹುದು ತಗ್ಗಿಸಬಹುದು, ಆದ್ದರಿಂದ ಕುರ್ಚಿಯಲ್ಲಿ ಕೂತವರಿಗೆ ಅದಕ್ಕಿಂತ ಒಳ್ಳೆಯ ಮೇಜಿಲ್ಲ. ಮನೆಯವರ ಅಪ್ಪಣೆ ಪಡೆಯಿರಿ.

ಒಂದು ಸಂಜೆ ಚೀಲವನ್ನು ತಾರಸಿಯಲ್ಲೇ ಮರೆತು ಇಳಿದೆ. ಬೆಳಿಗ್ಗೆ ಹೋದಾಗ ಅಳಿಲು ಹೊಲಿಗೆ ಕಡಿದು ತೂತು ಮಾಡಿತ್ತು. ಸುರಿದ ರಾಗಿಯ ಸುತ್ತ ಏಳೆಂಟು ರಾಟವಾಳಗಳು. ದುರ್ಬೀನೇ ಬೇಡದಷ್ಟು ಹತ್ತಿರ. ಈಗ ಚೀಲವನ್ನು ಒಳಗಿಡುತ್ತೇನೆ, ಹುಳು ಬೀಳದಂತೆ ಆಗಾಗ ರಾಗಿಯನ್ನು ಬಿಸಿಲಿಗೆ ಹಾಕುತ್ತೇನೆ.

ಕೋಲು ಇನ್ನೂ ಸರಳ. ಜೇಡರಬಲೆ ತೆಗೆಯುವ ಉದ್ದನೆಯ ಕೋಲನ್ನು ನೆಲಕ್ಕೆ ಊರಿ, ದುರ್ಬೀನಿನ ಜೊತೆ ಸೇರಿಸಿ ಹಿಡಿದರೆ ಸಾಕು. ಭಾರವೆಲ್ಲ ಕೋಲಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಕೂತವರಿಗೆ ಅಜ್ಜನ ಊರುಗೋಲು ಅಳತೆಗೆ ಸರಿ, ಅದರ ತುದಿಯನ್ನು ಕುರ್ಚಿಯ ಮೇಲೆ ಎರಡು ತೊಡೆಯ ನಡುವೆ ಊರಬೇಕು. ಫಿನ್ಲೆಂಡಿನ ಹಕ್ಕಿ ನೋಡುಗರು ಇನ್ನೊಂದು ಉಪಾಯ ರೂಢಿಗೆ ತಂದಿದ್ದಾರೆ, ಅದಕ್ಕೆ ಫಿನ್‌ಸ್ಟಿಕ್ ಎಂದೇ ಹೆಸರು. ದುರ್ಬೀನಿನ ಕೆಳಗೆ ಒಂದೂವರೆ ಅಡಿಯ ಕೋಲೊಂದನ್ನು ತಿರುಪು ಹಾಕಿ ನಿಲ್ಲಿಸಿ, ಅದರ ಕೆಳತುದಿಯನ್ನು ಹೊಟ್ಟೆಯ ಹತ್ತಿರ ಹಿಡಿದುಕೊಳ್ಳುವುದು. ಕೈ ಎದೆಯ ಮೇಲಕ್ಕೆ ಏರುವುದೇ ಇಲ್ಲ. ಭುಜದ ನೋವಿರುವವರಿಗೆ, ಕೈ ಎತ್ತಲು ಕಷ್ಟಪಡುವ ಹಿರಿಯರಿಗೆ ಇದರಷ್ಟು ಹಿತವಾದದ್ದನ್ನು ನಾನು ಕಂಡಿಲ್ಲ.

ಟ್ರೈಪಾಡ್ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ಮೊಂಡ. ಅನೇಕ ದುರ್ಬೀನುಗಳ ಮುಂಭಾಗದಲ್ಲಿ, ಕೀಲಿನ ತುದಿಗೆ ಒಂದು ಪುಟ್ಟ ಮುಚ್ಚಳವಿರುತ್ತದೆ. ವರ್ಷಗಟ್ಟಲೆ ಬಳಸಿದವರೂ ಅದನ್ನು ಬಿಚ್ಚಿ ನೋಡಿರುವುದಿಲ್ಲ. ಬಿಚ್ಚಿದರೆ ಒಳಗೆ ಕಾಲಂಗುಲದ ತಿರುಪಿನ ಕಂಡಿ. ಇಂಗ್ಲಿಷ್ ಎಲ್ ಅಕ್ಷರದಂತಿರುವ ಒಂದು ಲೋಹದ ಪಟ್ಟಿ ಕೊಂಡು ಅಲ್ಲಿ ಕೂಡಿಸಿದರೆ ಸಾಮಾನ್ಯ ಕ್ಯಾಮೆರಾ ಟ್ರೈಪಾಡಿನ ಮೇಲೆ ನಿಲ್ಲುತ್ತದೆ. ಚಿಕ್ಕ ದುರ್ಬೀನುಗಳಿಗೆ ಆ ಕಂಡಿಯಿರುವುದಿಲ್ಲ. ನಾನು ಅಂಗೈಯಗಲದ ಹಲಗೆಯೊಂದಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ದುರ್ಬೀನನ್ನು ಬಿಗಿದು, ಹಲಗೆಯನ್ನು ಟ್ರೈಪಾಡಿಗೆ ಕೂಡಿಸಿದ್ದೆ. ನೋಡಲು ಚೆಂದವಿಲ್ಲ, ಕೆಲಸ ಮಾಡುತ್ತದೆ. ಟ್ರೈಪಾಡಿನ ಮೊಂಡುತನ ತಿಳಿಯುವುದು ಹಕ್ಕಿ ಹಾರಿದಾಗ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಪಿಕಳಾರವನ್ನು ಅದರಲ್ಲಿ ಹಿಂಬಾಲಿಸಲು ಆಗುವುದಿಲ್ಲ. ತಲೆಯ ಮೇಲಿನ ಕೊಂಬೆಗೆ ತಿರುಗಿಸಿದರೆ ಕತ್ತನ್ನು ಅದರ ಕೆಳಗೆ ತೂರಿಸಬೇಕಾಗುತ್ತದೆ. ಗೂಡು, ಪೊಟರೆ, ನೀರಿನ ಬಟ್ಟಲು ಇಂಥ ಕದಲದ ಗುರಿಗೆ ಮಾತ್ರ ಅದು. 1990ರ ದಶಕದಿಂದ ಜೈಸ್, ಕ್ಯಾನನ್‌ನಂಥ ಕಂಪನಿಗಳು ನಡುಕವನ್ನು ತಾವೇ ತಡೆಯುವ ದುರ್ಬೀನುಗಳನ್ನೂ ಮಾಡಿವೆ. ಗುಂಡಿ ಒತ್ತಿದರೆ ನೋಟ ಗಕ್ಕನೆ ನಿಲ್ಲುತ್ತದೆ. ಬೆಲೆ ಕೇಳಿದರೆ ಎದೆಯೂ. ಅವು ನಡುಕ ನಿಲ್ಲಿಸುತ್ತವೆಯೇ ಹೊರತು ತೋಳಿನ ದಣಿವು ನಿಲ್ಲಿಸುವುದಿಲ್ಲ.

ಆಕಾಶ ನೋಡುವವರಿಗೆ ಬೇರೆಯೇ ಪಾಠ. ಬೆಳಿಗ್ಗೆ ಹತ್ತರ ಮೇಲೆ ನೆಲ ಕಾದು ಬಿಸಿಗಾಳಿ ಏಳತೊಡಗಿದಾಗ ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳು ನಮ್ಮ ಬಡಾವಣೆಯ ಮೇಲೆ ಸುತ್ತು ಹಾಕುತ್ತ ಮೇಲೇರುತ್ತವೆ. ಅಷ್ಟು ಭಾರದ ಹಕ್ಕಿ ರೆಕ್ಕೆ ಬಡಿಯದೆ ತೇಲುವುದನ್ನು ನಿಂತು ನೋಡಿದರೆ ಐದು ನಿಮಿಷಕ್ಕೆ ಕತ್ತು ಉಳುಕುತ್ತದೆ. ಚಾಪೆ ಹಾಸಿ, ತಲೆಗೊಂದು ದಿಂಬಿಟ್ಟು ಮಲಗಿ. ಮಲಗಿದಾಗ ದುರ್ಬೀನಿನ ಭಾರ ಹುಬ್ಬಿನ ಎಲುಬಿನ ಮೇಲೆ ಕೂರುತ್ತದೆ, ಕೈ ಬರಿದೆ ಹಿಡಿದಿದ್ದರಾಯಿತು. ಆದರೆ ಇಲ್ಲಿ ಒಂದು ಎಚ್ಚರ, ತಮಾಷೆಯದಲ್ಲ. ಸುತ್ತುವ ಹಕ್ಕಿಯನ್ನು ಹಿಂಬಾಲಿಸುತ್ತ ಹೋದರೆ ಅದು ಸೂರ್ಯನ ಮುಂದೆ ಹಾಯುತ್ತದೆ. ದುರ್ಬೀನಿನಲ್ಲಿ ಸೂರ್ಯನನ್ನು ಒಂದು ಕ್ಷಣ ಕಂಡರೂ ಕಣ್ಣು ಸುಡುತ್ತದೆ, ಸುಟ್ಟದ್ದು ಮರಳಿ ಬರುವುದಿಲ್ಲ. ಟ್ಯಾಂಕಿನ ನೆರಳಿನಲ್ಲಿ, ಸೂರ್ಯ ಗೋಡೆಯ ಮರೆಗೆ ಹೋಗುವಂತೆ ಚಾಪೆ ಹಾಸಿಕೊಳ್ಳಿ. ಮಕ್ಕಳ ಕೈಗೆ ಕೊಡುವಾಗಲಂತೂ ಪಕ್ಕದಲ್ಲೇ ಇರಿ.

ಊರಿನ ನಡುವೆ ದುರ್ಬೀನು ಹಿಡಿದವರಿಗೆ ಕಾಡಿನಲ್ಲಿಲ್ಲದ ಒಂದು ತೊಡಕಿದೆ, ಅದು ನೆರೆಮನೆ. ಕೈಯಲ್ಲಿ ಹಿಡಿದು ಎರಡು ನಿಮಿಷ ನೋಡಿದವನನ್ನು ಜನ ಹಕ್ಕಿ ಹುಚ್ಚ ಎನ್ನುತ್ತಾರೆ. ಸ್ಟ್ಯಾಂಡು ಹಾಕಿ ಕೂತವನನ್ನು ಏನೆನ್ನಬಹುದು! ಆಕಾಶಮಲ್ಲಿಗೆ ಮರದ ನೇರಕ್ಕೆ ಒಬ್ಬರ ಬಟ್ಟೆ ಒಣಹಾಕುವ ತಂತಿಯಿದೆ. ಮೊದಲ ವಾರವೇ ನಾನು ಅವರ ಮನೆಗೆ ಹೋಗಿ, 'ಮರದ ಮೇಲೊಂದು ಹಕ್ಕಿ ಬರ್ತದೆ ಮೇಡಂ, ಅದನ್ನ ನೋಡ್ತಿದೀನಿ' ಎಂದು ಹೇಳಿಬಂದೆ. ಅವರು ನಂಬಿದಂತೆ ಕಾಣಲಿಲ್ಲ. ಭಾನುವಾರ ಕರೆದು ತೋರಿಸಿದೆ. ಈಗ ಹಕ್ಕಿ ಬಂದು ಕೂತರೆ ಅವರೇ ಫೋನ್ ಮಾಡುತ್ತಾರೆ.

ಆಸರೆ ಕಟ್ಟಿಕೊಂಡ ಮೇಲೆ ನೋಡುವ ಕ್ರಮವೇ ತಿರುವುಮುರುವಾಗುತ್ತದೆ. ಹಕ್ಕಿಯ ಹಿಂದೆ ದುರ್ಬೀನು ಓಡುವುದಿಲ್ಲ; ದುರ್ಬೀನನ್ನು ಒಂದು ಕಡೆ ನೆಟ್ಟು ಹಕ್ಕಿಗೆ ಕಾಯುತ್ತೇವೆ. ಹಕ್ಕಿಗಳಿಗೂ ನಮ್ಮಂತೆಯೇ ಅಭ್ಯಾಸಬಲ. ಕಾಜಾಣ ತಂತಿಯಿಂದ ಹಾರಿ ಹುಳು ಹಿಡಿದು ಬಹುಮಟ್ಟಿಗೆ ಅದೇ ತಂತಿಗೆ ಮರಳುತ್ತದೆ. ಗಸಗಸೆ ಹಣ್ಣಿನ ಮರಕ್ಕೆ ಪಿಕಳಾರಗಳ ಸರದಿ ಬೆಳಗಿನಿಂದಲೇ ಶುರು. ಸೂರಕ್ಕಿ ಹೂವಿನಿಂದ ಹೂವಿಗೆ ಸುತ್ತಿ ಮತ್ತೆ ಮೊದಲ ಗಿಡಕ್ಕೇ ಬರುತ್ತದೆ. ಜೇಡರಬಲೆ ಸೇರಿಸಿ ಹೆಣೆದ ಅದರ ತೂಗುಗೂಡು ಪೋರ್ಟಿಕೋದ ಬಳ್ಳಿಗೇ ನೇತಾಡುವುದೂ ಉಂಟು. ಅಷ್ಟು ಹತ್ತಿರವಾದರೆ ಎಷ್ಟು ಹತ್ತಿರದವರೆಗೆ ಸ್ಪಷ್ಟ ತೋರಿಸುತ್ತದೆ ಎಂಬುದೇ ದುರ್ಬೀನಿನ ಪರೀಕ್ಷೆ. ಅಪ್ಪನ ರೇಸ್ ಗ್ಲಾಸಿಗೆ ಅಲ್ಲಿ ಬರಿಯ ಮಂಜು.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದದ್ದು, ಭಾರತ ಸೇರಿಕೊಂಡದ್ದು 2013ರಲ್ಲಿ. ನಿಯಮ ಇಷ್ಟೇ: ಒಂದು ಕಡೆ ಕನಿಷ್ಠ ಹದಿನೈದು ನಿಮಿಷ ಕೂತು, ಕಂಡ ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಿ ಇ-ಬರ್ಡ್ ತಾಣದಲ್ಲಿ ದಾಖಲಿಸುವುದು. ಮನೆಯ ತಾರಸಿಯೂ ಲೆಕ್ಕಕ್ಕೆ ಬರುತ್ತದೆ. ಹದಿನೈದು ನಿಮಿಷ ಸಣ್ಣ ಅವಧಿ ಎನಿಸಬಹುದು. ದುರ್ಬೀನನ್ನು ಬರಿಗೈಯಲ್ಲಿ ಎತ್ತಿ ಹಿಡಿದವರನ್ನು ಕೇಳಿ. ಈ ವರ್ಷ ಆ ಎಣಿಕೆಗೆಂದು ಅಮ್ಮನನ್ನೂ ತಾರಸಿಗೆ ಹತ್ತಿಸಿದೆ. ಮೊಮ್ಮಗ ಒಂದು ಕೈ ಹಿಡಿದ, ನಾನೊಂದು ಕೈ. ಎರಡು ಮೆಟ್ಟಿಲಿಗೊಮ್ಮೆ ನಿಂತು, ಅಂತೂ ಮೇಲೆ ಬಂದಳು.

ಅವಳ ಕೈ ನನ್ನ ಕೈಗಿಂತ ಬಹಳ ನಡುಗುತ್ತದೆ, ಕಾಫಿ ಲೋಟ ಎರಡು ಕೈಯಲ್ಲಿ ಹಿಡಿಯಬೇಕು. ಹಾಗಾಗಿ ಅವಳು ದುರ್ಬೀನನ್ನು ಮುಟ್ಟುವ ಪ್ರಮೇಯವೇ ಇರದಂತೆ ಮಾಡಿದ್ದೆ. ತಾತನ ಈಸಿ ಚೇರು, ಬೆನ್ನಿಗೆ ದಿಂಬು. ಮುಂದೆ ಇಸ್ತ್ರಿ ಸ್ಟ್ಯಾಂಡು, ಅದರ ಮೇಲೆ ರಾಗಿ ಚೀಲ, ಚೀಲದ ಮೇಲೆ ಎಂಟು ಪಟ್ಟಿನ ದುರ್ಬೀನು, ಒಣಕೊಂಬೆಗೆ ನೇರವಾಗಿ. ಹಕ್ಕಿ ಆಗಲೇ ಬಂದು ಕೂತು ಕುಟ್ಟುತ್ತಿತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡು, ಕೈ ಮಡಿಲಲ್ಲಿಟ್ಟು, ಮುಖ ಮಾತ್ರ ಮುಂದೆ ತಂದಳು. ತುಂಬ ಹೊತ್ತು ಮಾತಿಲ್ಲ. ಕೆಂಪು ಹಣೆ, ಕಣ್ಣಿನ ಸುತ್ತ ಹಳದಿ, ಎದೆಯ ಮೇಲೊಂದು ಕೆಂಪು ಪಟ್ಟಿ, ಇದನ್ನೆಲ್ಲ ನಾನು ಪಕ್ಕದಿಂದ ಹೇಳುತ್ತಲೇ ಇದ್ದೆ.

'ಸುಮ್ನಿರೋ' ಅಂದಳು. 'ಇದು ಬಾಯೇ ಬಿಡ್ತಿಲ್ವಲ್ಲೋ. ಕೊಕ್ಕು ಮುಚ್ಕೊಂಡೇ ಕೂಗ್ತಿದೆ. ಗಂಟಲು ಮಾತ್ರ ಉಬ್ಬುತ್ತೆ, ಇಳಿಯುತ್ತೆ.'

ನಿಜ. ಕಂಚುಗಾರ ಹಕ್ಕಿ ಕೂಗುವಾಗ ಕೊಕ್ಕು ತೆರೆಯುವುದಿ‌ಲ್ಲ. ಒಂದೊಂದು ಟುಕ್‌ಗೂ ಕೊರಳಿನ ಎರಡು ಬದಿಯ ಬರಿಚರ್ಮ ಪುಟ್ಟ ಗುಳ್ಳೆಯಂತೆ ಉಬ್ಬಿ ಕುಗ್ಗುತ್ತದೆ. ಪುಸ್ತಕದಲ್ಲಿ ಓದಿದ್ದೆ. ಒಂದು ವರ್ಷ ಆ ಕೊಂಬೆಯನ್ನು ನೋಡುತ್ತ ಕೂತಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಮ್ಮನನ್ನು ಏಳಿಸಿ ನೋಡೋಣವೆಂದರೆ ಅವಳು ಅಲ್ಲಾಡಲಿಲ್ಲ. ಬಿಸಿಲು ಕುರ್ಚಿಯ ಕೈಯವರೆಗೆ ಬಂದಿತ್ತು. ದುರ್ಬೀನಿನಿಂದ ಮುಖ ತೆಗೆಯದೆ, 'ಆ ಕೊಡೆ ತಂದು ಹಿಡ್ಕೋ' ಅಂದಳು.